ಅಂಬಾಸಿಡರ್ ಪುಲ್ಲಿಯ ಸೀಲ್ ಜಾಗ ಸವೆದಾಗ ಸ್ಲೀವ್ ಕೂಡಿಸಿದ ರೀತಿ

1489 ಸಿಸಿ ಎಂಜಿನ್ನಿನ ಹಳೆ ಅಂಬಾಸಿಡರ್‌ನಲ್ಲಿ ಮುಂದಿನ ಟೈಮಿಂಗ್ ಕವರ್ (ಟೈಮಿಂಗ್ ಚೈನಿನ ಮುಚ್ಚಳ) ಕಡೆಯಿಂದ ಆಯಿಲ್ ಸೋರಿದರೆ ಎಲ್ಲರೂ ಮೊದಲು ಮಾಡುವುದು ಸೀಲ್ ಬದಲಿಸುವುದು. ಹೊಸ ಸೀಲ್ ಸ್ವಲ್ಪ ದಿನ ತಡೆದು, ಮತ್ತೆ ಸೋರತೊಡಗಿದರೆ ತಪ್ಪು ಸೀಲಿನದಲ್ಲ. ಸೀಲಿನ ತುಟಿ ಉಜ್ಜುವ ಕ್ರ್ಯಾಂಕ್ ಪುಲ್ಲಿಯ ಹಬ್ಬನ್ನು (ಹಬ್, ಅಂದರೆ ನಡುವಿನ ಕೊಳವೆಯಂಥ ಭಾಗ) ನೋಡಬೇಕು. ಅಲ್ಲಿ ಸುತ್ತಲೂ ಒಂದು ಗೆರೆ ಕೊರೆದಿರುತ್ತದೆ. ಮೆತ್ತನೆ ರಬ್ಬರು ಉಕ್ಕನ್ನು ಕೊರೆಯುವುದು ಹೇಗೆ ಅಂದರೆ, ರಸ್ತೆಯ ಧೂಳು ತುಟಿಯಲ್ಲಿ ಕಚ್ಚಿಕೊಂಡು ಎಮರಿ ಪೇಪರಿನ ಹಾಗೆ ಕೆಲಸ ಮಾಡುತ್ತದೆ. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಧೂಳಿಗೇನು ಕಡಿಮೆಯಿಲ್ಲ.

ಪುಲ್ಲಿ ತೆಗೆಯಲು ರೇಡಿಯೇಟರ್ ಇಳಿಸಬೇಕು. ಸ್ಟಾರ್ಟಿಂಗ್ ಹ್ಯಾಂಡಲ್ ಹಾಕುವ ದೊಡ್ಡ ಬೋಲ್ಟಿನ ಕೆಳಗಿನ ಲಾಕ್ ವಾಷರಿನ ಕಿವಿಯನ್ನು ಮೊದಲು ಚಪ್ಪಟೆ ಮಾಡಿ, ಟಾಪ್ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಬಿಚ್ಚಿ. ಪುಲ್ಲರನ್ನು ಪುಲ್ಲಿಯ ಅಂಚಿಗೆ ಕಚ್ಚಿಸಬೇಡಿ, ಬಾಗುತ್ತದೆ. ಹಬ್ಬಿಗೆ ಕಚ್ಚಿಸಿ ಎಳೆಯಬೇಕು.

ಗೆರೆ ಉಗುರಿಗೆ ಸಿಗದಷ್ಟು ತೆಳುವಾಗಿದ್ದರೆ 400, ಆಮೇಲೆ 600 ನಂಬರಿನ ಎಮರಿ ಸಾಕು. ಉಗುರು ಸಿಕ್ಕುತ್ತದೆ ಅಂದರೆ ಎಮರಿ ಹೊಡೆದು ಗೆರೆ ತೆಗೆಯುವ ಆಸೆ ಬಿಡಿ. ಅಷ್ಟು ಉಜ್ಜಿದರೆ ಹಬ್ಬೇ ಸಣ್ಣದಾಗಿ ತುಟಿಯ ಹಿಡಿತ ಹೋಗುತ್ತದೆ. ಎಲ್ಲಕ್ಕಿಂತ ಸೋವಿಯ ಉಪಾಯ, ಕವರಿನಲ್ಲಿ ಜಾಗವಿದ್ದರೆ ಹೊಸ ಸೀಲನ್ನು ಒಂದೂವರೆ ಮಿ.ಮೀ. ಆಚೀಚೆ ಕೂಡಿಸಿ ತುಟಿ ಸವೆಯದ ಜಾಗದಲ್ಲಿ ಓಡುವ ಹಾಗೆ ಮಾಡುವುದು. ಒಂದು ಸಲಕ್ಕೆ ಇದು ನಡೆಯುತ್ತದೆ. ಎರಡನೆಯ ಗೆರೆಯೂ ಬಿದ್ದ ಹಬ್ಬಿಗೆ ಸ್ಲೀವ್ (ಹಬ್ಬಿನ ಮೇಲೆ ಏರಿಸುವ ಉಕ್ಕಿನ ಬಳೆ) ಬೇಕೇ ಬೇಕು.

ಸ್ಲೀವಿನಲ್ಲಿ ಎರಡು ಬಗೆ. ಒಂದು, ರೆಡಿಮೇಡ್ ಸಿಗುವ ತೆಳು ಸ್ಟೇನ್‌ಲೆಸ್ ಸ್ಲೀವ್. ಎಸ್‌ಕೆಎಫ್ ಕಂಪನಿಯದರ ದಪ್ಪ ಸುಮಾರು 0.28 ಮಿ.ಮೀ. ಲೇಥ್ ಕೆಲಸ ಬೇಡ, ಸೀಲಿನ ಸೈಜೂ ಬದಲಾಗುವುದಿಲ್ಲ. ಆದರೆ ಹಬ್ಬನ್ನು ಸವೆಯದ ಜಾಗದಲ್ಲಿ ಮೈಕ್ರೋಮೀಟರಿನಿಂದ ಮೂರು ದಿಕ್ಕಿನಲ್ಲಿ ಅಳೆದು, ಡಬ್ಬಿಯ ಮೇಲಿನ ಅಳತೆಯೊಳಗೆ ಬರುತ್ತದೋ ನೋಡಬೇಕು. ವರ್ನಿಯರ್ ಇಲ್ಲಿ ಸಾಲದು. ಗೆರೆ ಆಳವಾಗಿದ್ದರೆ ಲೋಹದ ಪುಡಿಯಿರುವ ಎಪಾಕ್ಸಿ ತುಂಬಿ, ಅದು ಗಟ್ಟಿಯಾಗುವ ಮೊದಲೇ ಸ್ಲೀವ್ ಏರಿಸಬೇಕು. ಒಣಗಿದ ಮೇಲೆ ಏರಿಸಿದರೆ ಎಪಾಕ್ಸಿಯ ಉಬ್ಬಿಗೆ ಸ್ಲೀವ್ ಹಿಗ್ಗುತ್ತದೆ, ಇಲ್ಲವೇ ಸೀಳುತ್ತದೆ. ಸ್ಲೀವಿನ ತುದಿ ಹಬ್ಬಿನ ಇಳಿಜಾರು ಅಂಚಿನ ಮೇಲೆ ತೂಗದೆ ಪೂರ್ಣ ವ್ಯಾಸದ ಮೇಲೆಯೇ ನಿಲ್ಲಬೇಕು. ತೂಗಿ ನಿಂತ ತುದಿ ಪುಲ್ಲಿ ತಳ್ಳುವಾಗಲೇ ಸೀಲಿನ ತುಟಿ ಕೊಯ್ದುಬಿಡುತ್ತದೆ.

ತುಕ್ಕಿನಿಂದ ಗುಳಿ ಬಿದ್ದ ಹಬ್ಬಿಗೆ ನಾನು ಆರಿಸುವುದು ಎರಡನೆಯದನ್ನು, ಅಂದರೆ ದಪ್ಪ ಸ್ಲೀವ್. ಬೆಳಗಾವಿಯಲ್ಲಿ ಇದಕ್ಕೆ ಕಷ್ಟವಿಲ್ಲ. ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇಥ್, ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್ ಎಲ್ಲವೂ ಅಕ್ಕಪಕ್ಕವೇ ಇವೆ. ಹಬ್ಬನ್ನು ಮ್ಯಾಂಡ್ರೆಲಿಗೆ (ಬೋರಿನೊಳಗೆ ತೂರಿಸಿ ಹಿಡಿಯುವ ಸರಳು) ಏರಿಸಿ, ಒಳಗಿನ ಬೋರಿಗೆ ಹೊಂದಿಸಿ ತಿರುಗಿಸಬೇಕು. ಸವೆದ ಹೊರಮೈ ಹಿಡಿದು ಸೆಂಟರ್ ಮಾಡಿದರೆ ಆ ಓರೆ ಹೊಸ ಸ್ಲೀವಿಗೂ ಬರುತ್ತದೆ. ಸ್ಲೀವಿನ ಗೋಡೆ 2ರಿಂದ 2.5 ಮಿ.ಮೀ. ಇರುವಷ್ಟು ಹಬ್ಬನ್ನು ಇಳಿಸಿ, ಆದರೆ ಒಳಗೆ ಕೀಲಿ (ಕೀ) ಕೂರುವ ತೋಡು ಇರುವ ಕಡೆ ಗೋಡೆ ಎಷ್ಟು ಉಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ಅಲ್ಲಿ ತೆಳುವಾದರೆ ಸ್ಲೀವಿನ ಬಿಗಿತಕ್ಕೆ ಬೋರ್ ಕುಗ್ಗಿ ಪುಲ್ಲಿ ಕ್ರ್ಯಾಂಕಿಗೆ ಕೂರುವುದಿಲ್ಲ.

ಸ್ಲೀವಿಗೆ ಇಎನ್ 31 ಉಕ್ಕು (ಬೇರಿಂಗ್ ಮಾಡುವ ಉಕ್ಕು), ಹದ 55 ರಾಕ್‌ವೆಲ್ ಸಿಗಿಂತ (ಗಡಸುತನದ ಅಳತೆ) ಕಡಿಮೆ ಬೇಡ. 40 ಮಿ.ಮೀ. ಹಬ್ಬು ನಿಮಿಷಕ್ಕೆ 4000 ಸುತ್ತಿನಲ್ಲಿ ಓಡಿದರೆ ತುಟಿಯ ಕೆಳಗಿನ ವೇಗ ಸೆಕೆಂಡಿಗೆ 8 ಮೀಟರ್ ದಾಟುತ್ತದೆ. ಮೆತ್ತನೆ ಉಕ್ಕು ಮತ್ತೆ ಗೆರೆ ಬೀಳಿಸಿಕೊಳ್ಳುತ್ತದೆ. ನೀಡಲ್ ಬೇರಿಂಗಿನ ಒಳರಿಂಗ್ ಕೂಡ ಒಳ್ಳೆಯ ಸ್ಲೀವೇ, ಹದ ಹಾಕಿ ಗ್ರೈಂಡ್ ಮಾಡಿದ್ದೇ ಸಿಗುತ್ತದೆ. ಇಂಚಿನ ಗಾಡಿಗೆ ಮಿಲಿಮೀಟರ್ ರಿಂಗ್ ಸರಿಹೊಂದುವುದು ಅಪರೂಪ, ತುಸು ದೊಡ್ಡದನ್ನು ತಂದು ಹೊರಮೈ ಗ್ರೈಂಡ್ ಮಾಡಿಸಬೇಕು. ಬಿಗಿತ (ಹಬ್ಬಿಗಿಂತ ಸ್ಲೀವಿನ ಒಳವ್ಯಾಸ ಎಷ್ಟು ಕಡಿಮೆ ಎಂಬುದು) 0.03 ಮಿ.ಮೀ. ಸಾಕು. ಪುಲ್ಲಿಯನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಸ್ಲೀವನ್ನು ಓವನ್ನಿನಲ್ಲಿ 150ರಿಂದ 160 ಡಿಗ್ರಿಗೆ ಕಾಯಿಸಿದರೆ ಕೈಯಿಂದಲೇ ಜಾರಿ ಕೂರುತ್ತದೆ. ನಡುದಾರಿಯಲ್ಲಿ ನಿಲ್ಲಿಸುವಂತಿಲ್ಲ. ಗ್ಯಾಸ್ ಬೆಂಕಿ ಹಿಡಿಯಬೇಡಿ; ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ 300 ಡಿಗ್ರಿ ಹತ್ತಿರ ಹೋಗಿ ಹದ ಇಳಿಯಿತು ಎಂದೇ ಅರ್ಥ.

ನಿಜವಾದ ಕೆಲಸ ಹೊರಮೈಯದು. "ಲೇಥ್ ಮ್ಯಾಲೇ ಫಿನಿಶ್ ಹೊಡದು ಕೊಡ್ತೇನ್ರಿ ಸರ, ಕನ್ನಡಿ ಆಗ್ತೈತಿ" ಅಂತ ಟರ್ನರ್ ಹೇಳಿದರೆ ಒಪ್ಪಬೇಡಿ. ಲೇಥಿನ ಟೂಲ್ ಉದ್ದಕ್ಕೆ ಸರಿಯುತ್ತಾ ಕಣ್ಣಿಗೆ ಕಾಣದ ಸಣ್ಣ ಆಟೆ (ಸ್ಕ್ರೂವಿನಂಥ ಸುರುಳಿ ಗೆರೆ) ಬಿಡುತ್ತದೆ, ತಿರುಗುವಾಗ ಅದೇ ಪಂಪಾಗಿ ಆಯಿಲನ್ನು ಹೊರಗೆ ಎಳೆಯುತ್ತದೆ. ಗ್ರೈಂಡಿಂಗ್ ಕಲ್ಲು ನೇರವಾಗಿ ಒಳಗೆ ಬರಬೇಕು, ಪಕ್ಕಕ್ಕೆ ಸರಿಯಬಾರದು. ನುಣುಪು ಆರ್‌ಎ (ಮೈಯ ಒರಟುತನದ ಸರಾಸರಿ ಅಳತೆ) 0.2ರಿಂದ 0.8 ಮೈಕ್ರಾನ್ ಒಳಗಿರಲಿ. ಕನ್ನಡಿಯಂತಾದರೂ ತೊಂದರೆಯೇ: ಆಯಿಲಿನ ಪದರ ನಿಲ್ಲದೆ ತುಟಿ ಸುಡುತ್ತದೆ.

ಆಟೆ ಇದೆಯೋ ಇಲ್ಲವೋ ನೋಡಲು ದಾರ ಸಾಕು. ಮ್ಯಾಂಡ್ರೆಲನ್ನು ಮಟ್ಟವಾಗಿ ಹಿಡಿಸಿ, ಮೈಗೆ ತೆಳ್ಳಗೆ ಎಣ್ಣೆ ಸವರಿ, 30 ಗ್ರಾಂ ತೂಕ ಕಟ್ಟಿದ ದಾರವನ್ನು ಮೇಲೆ ಸುತ್ತಿಸಿ, ಇನ್ನೊಂದು ತುದಿ ಬಿಗಿ ಮಾಡಿ, ನಿಮಿಷಕ್ಕೆ 60 ಸುತ್ತಿನಷ್ಟು ನಿಧಾನ ತಿರುಗಿಸಿ. ಆಮೇಲೆ ಉಲ್ಟಾ ತಿರುಗಿಸಿ. ದಾರ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಸರಿದರೆ ಆಟೆ ಇದೆ. ಎರಡೂ ಸಲ ಒಂದೇ ಕಡೆ ಸರಿದರೆ ಮೈ ಓರೆಯಿದೆ, ಇಲ್ಲವೇ ಮಟ್ಟ ತಪ್ಪಿದೆ. ನಿಂತಲ್ಲೇ ನಿಂತರೆ ಜಾಬ್ ಪಾಸ್.

ಜೋಡಿಸುವಾಗ ಸೀಲಿನ ಸ್ಪ್ರಿಂಗ್ ಇರುವ ಮುಖ ಎಂಜಿನ್ ಕಡೆ ಇರಲಿ. ಒಳಗಿನ ಆಯಿಲ್ ಥ್ರೋವರಿನ (ಆಯಿಲನ್ನು ಸೀಲಿನಿಂದ ದೂರ ಎರಚುವ ತಟ್ಟೆ) ಮೇಲೆ 'ಎಫ್' ಗುರುತಿದ್ದರೆ ಅದು ಮುಂದಕ್ಕೆ ಕಾಣಬೇಕು. ಕವರಿನ ಬೋಲ್ಟ್ ತೂತುಗಳಲ್ಲಿ ಸಡಿಲು ಇರುವುದರಿಂದ ಕವರನ್ನು ಮೊದಲೇ ಬಿಗಿಯಬೇಡಿ. ತುಟಿಗೂ ಹಬ್ಬಿಗೂ ಆಯಿಲ್ ಸವರಿ, ಪುಲ್ಲಿಯನ್ನು ಸೀಲಿನೊಳಗಿಂದ ಕ್ರ್ಯಾಂಕಿಗೆ ಕೂಡಿಸಿ, ಅದು ಕವರನ್ನು ನಡುವಿಗೆ ತಂದ ಮೇಲೆ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಕೀಲಿಯ ತೋಡಿಗೆ ಸ್ವಲ್ಪ ಸಿಲಿಕೋನ್ ಹಚ್ಚುವುದು ಬಹಳ ಮಂದಿಗೆ ನೆನಪಿರುವುದಿಲ್ಲ; ಆ ಸಂದಿಯಿಂದ ಬಂದ ಆಯಿಲ್ ಬೋಲ್ಟಿನ ತಲೆಯ ಕೆಳಗೆ ಹೊರಬಂದು, ಸೀಲೇ ಸೋರುತ್ತಿದೆ ಎನ್ನುವ ಹಾಗೆ ಕಾಣಿಸುತ್ತದೆ.

ಇಷ್ಟಾದರೂ ಹನಿ ಬಿದ್ದರೆ ಟ್ಯಾಪೆಟ್ ಪಕ್ಕದ ಮುಚ್ಚಳದ ಬ್ರೀದರ್ ಪೈಪ್ ಬಿಚ್ಚಿ ನೋಡಿ. ಅದು ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಎಂಥ ಸೀಲನ್ನೂ ದಾಟಿ ಆಯಿಲನ್ನು ಹೊರಗೆ ತಳ್ಳುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ಹಾಕಿ.