ಒಂದೇ ಕಣ್ಣಿಗೆ ಮೈನಸ್ 8: ಮಗುವಿಗೆ ಲೇಸರ್ ಯಾವಾಗ, ಹೇಗೆ

ಬಲಗಣ್ಣಿಗೆ ನಂಬರೇ ಇಲ್ಲ, ಎಡಗಣ್ಣಿಗೆ ಮೈನಸ್ 8. ಇಂಥ ಮಗುವಿನ ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದರೆ ಥಟ್ಟನೆ ಕೈ ತಳ್ಳುತ್ತದೆ. ಎಡಗಣ್ಣು ಮುಚ್ಚಿದರೆ ಸುಮ್ಮನೆ ಆಡಿಕೊಂಡಿರುತ್ತದೆ. ಮಸುಕಾಗಿ ಬಂದದ್ದನ್ನು ಮೆದುಳು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಸೋಮಾರಿ ಕಣ್ಣು ಅಂದರೆ ಇದೇ.

ಹೆತ್ತವರು ಮೊದಲು ಕೇಳುವುದು ಲೇಸರ್. ನಾನು ಅದನ್ನು ಕೊನೆಗಿಡುತ್ತೇನೆ. ಮೊದಲು ಕಣ್ಣಿನ ಫೋಕಸ್ ಮಾಡುವ ಸ್ನಾಯುವನ್ನು ಸಡಿಲಿಸುವ ಸೈಕ್ಲೋಪೆಂಟೋಲೇಟ್ ಇಲ್ಲವೇ ಅಟ್ರೋಪಿನ್ ಹನಿ ಹಾಕಿ ನಂಬರ್ ತೆಗೆಯಬೇಕು. ಹನಿಯಿಲ್ಲದೆ ತೆಗೆದದ್ದನ್ನು, ಅದರಲ್ಲೂ ಪ್ಲಸ್ ನಂಬರನ್ನು, ನಂಬುವಂತಿಲ್ಲ. ಆಮೇಲೆ ಸುಮಾರು ನಾಲ್ಕು ತಿಂಗಳು ಬರೀ ಕನ್ನಡಕ. ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ: ಕಣ್ಣಿನ ಸೋಮಾರಿತನ ಮಧ್ಯಮ ಮಟ್ಟದ್ದಾದರೆ ದಿನಕ್ಕೆ 2 ಗಂಟೆ, ತೀವ್ರವಾಗಿದ್ದರೆ 6. ಪಟ್ಟಿ ಚರ್ಮಕ್ಕೇ ಅಂಟಬೇಕು. ಕನ್ನಡಕದ ಗಾಜಿಗೆ ಬಟ್ಟೆ ಸುತ್ತಿ ಬಿಟ್ಟರೆ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ಇಣುಕುತ್ತವೆ, ಹಾಕಿದ ಗಂಟೆಯೆಲ್ಲ ದಂಡ.

ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಕನ್ನಡಕಕ್ಕಿಂತ ವಾಸಿ. ಅದೂ ಕೈಗೂಡದೆ, ಆಟಿಸಂನಂಥ ಕಾರಣಕ್ಕೆ ಮಗು ಮುಖದ ಮೇಲೆ ಏನನ್ನೂ ಸಹಿಸದಿದ್ದರೆ ಲೇಸರ್ ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಲೇಸರ್ ಯಂತ್ರಗಳಿಗೆ ಅನುಮತಿ ಕೊಟ್ಟಿರುವುದು ದೊಡ್ಡವರ ಕಣ್ಣಿಗೆ. ಇದನ್ನು ಹೆತ್ತವರಿಗೆ ಬಿಡಿಸಿ ಹೇಳಲೇಬೇಕು.

ಲೇಸಿಕ್ ಮಾಡುವುದಿಲ್ಲ. ಅದರಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗದ, ಪದರ ಕೊಯ್ದು ಮಡಚುತ್ತಾರೆ. ಮಗು ಕಣ್ಣುಜ್ಜಿದರೆ ಪದರವೇ ಜರುಗೀತು. ಮಾಡುವುದು ಪಿಆರ್‌ಕೆ ಎಂಬ ಇನ್ನೊಂದು ಬಗೆಯ ಲೇಸರ್: ಕಾರ್ನಿಯಾದ ಮೇಲಿನ ತೆಳುಪೊರೆ ಎಪಿಥೀಲಿಯಂ ಮಾತ್ರ ಕೆರೆದು ಕಿರಣ ಬಿಡುವುದು. ದೊಡ್ಡವರಾದರೆ ಎದುರಿನ ದೀಪವನ್ನೇ ನೋಡುತ್ತಾ ಮಲಗುತ್ತಾರೆ. ಪೂರ್ಣ ಅರಿವಳಿಕೆಯಲ್ಲಿರುವ ಮಗುವಿನ ಕಣ್ಣು ಎತ್ತಲೋ ಹೊರಳಿರುತ್ತದೆ. ಉಂಗುರದಿಂದ ಹಿಡಿದು ನೇರ ಕೂರಿಸುವ ಕೆಲಸ ನಮ್ಮದು. ಕೇಂದ್ರ ತಪ್ಪಿದರೆ ಇಲ್ಲದ ಸಿಲಿಂಡರ್ ನಂಬರ್ ಹುಟ್ಟುತ್ತದೆ. ಮಾಸ್ಕಿನ ಅಂಚಿಗೆ ಟೇಪ್ ಮರೆಯಬಾರದು, ಸೋರುವ ಅರಿವಳಿಕೆ ಅನಿಲ ಲೇಸರಿಗೆ ಅಡ್ಡಿಯಾಗಬಹುದು.

ಮಕ್ಕಳ ಗಾಯ ಚುರುಕಾಗಿ ಮಾಯುವುದೇ ಇಲ್ಲಿ ತೊಂದರೆ: ಕಾರ್ನಿಯಾದಲ್ಲಿ ಬೆಳ್ಳನೆಯ ಮಬ್ಬು ಕಟ್ಟುತ್ತದೆ. ಅದಕ್ಕೇ ಆ ಮಬ್ಬನ್ನು ತಡೆಯುವ ಔಷಧ, 0.02% ಮೈಟೊಮೈಸಿನ್, ಸ್ವಲ್ಪ ಹೊತ್ತು ಒತ್ತಿಟ್ಟು ಚೆನ್ನಾಗಿ ತೊಳೆಯುತ್ತೇವೆ. ಎಪಿಥೀಲಿಯಂ ಕೂಡುವವರೆಗೆ, ಅಂದರೆ ಮೂರರಿಂದ ಐದು ದಿನ, ಗಾಯ ಮುಚ್ಚಿಡುವ ಮೆತ್ತನೆಯ ಬ್ಯಾಂಡೇಜ್ ಲೆನ್ಸ್. ರಾತ್ರಿ ಗಟ್ಟಿ ಕವಚ. ಸ್ಟೀರಾಯ್ಡ್ ಹನಿ ವಾರಗಟ್ಟಲೆ ಬೇಕು, ಅದು ನಡೆಯುವಷ್ಟು ಕಾಲ ಕಣ್ಣಿನ ಒತ್ತಡ ಅಳೆಯುತ್ತಿರಬೇಕು.

ಕಣ್ಣು ಬೆಳೆದಂತೆ ಮೈನಸ್ ಒಂದಿಷ್ಟು ಮರಳುತ್ತದೆ. ಲೇಸರ್ ಚಿತ್ರವನ್ನು ತಿಳಿಯಾಗಿಸಿದರೂ ಮೆದುಳು ಆ ಕಣ್ಣನ್ನು ಬಳಸಲು ಕಲಿಯುವುದು ಪಟ್ಟಿಯಿಂದಲೇ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಬೀಳುವ ಮುನ್ನವೇ ಪಟ್ಟಿಯ ಗಂಟೆಗಳನ್ನು ಬರೆದು ಕೈಗಿಡುತ್ತೇನೆ.