ಮುದಿ ಇಲಿಯ ಮಜ್ಜೆಯಲ್ಲಿ ಬಿ ಕೋಶ ಎಣಿಸಿದ್ದು

ಆಂಟಿಬಾಡಿ ತಯಾರಿಸುವ ಬಿಳಿ ರಕ್ತಕಣವಾದ ಬಿ ಕೋಶ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಮೊದಲು ಪ್ರೊ-ಬಿ, ಆಮೇಲೆ ಪ್ರಿ-ಬಿ, ಕೊನೆಗೆ ಮೈಮೇಲೆ ಆಂಟಿಬಾಡಿ ಹೊತ್ತ ಎಳೆ ಬಿ ಕೋಶ. ವಯಸ್ಸಾದ ಇಲಿಯಲ್ಲಿ ಪ್ರಿ-ಬಿ ಕಡಿಮೆ ಅನ್ನುವುದು ಹಳೆಯ ಸುದ್ದಿ. ಕೋಶಗಳು ಸರಿಯಾಗಿ ಒಡೆದು ಹೆಚ್ಚುತ್ತಿಲ್ಲವೋ, ಹುಟ್ಟಿದ್ದೇ ಸಾಯುತ್ತಿವೆಯೋ? ಪುಣೆಯ ಲ್ಯಾಬಿನಲ್ಲಿ ನಾನು ನೋಡಬೇಕಿದ್ದದ್ದು ಇದನ್ನು.

ಮುದಿ ಇಲಿ ಆರಿಸುವುದೇ ಅರ್ಧ ಕೆಲಸ. ನಾವು ಬಳಸುವ ಕಪ್ಪು ಇಲಿಗಳಿಗೆ ಎರಡು ವರ್ಷ ಹತ್ತಿರವಾದಂತೆ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್, ಬರುವುದು ಸಾಮಾನ್ಯ. ಅನಿಮಲ್ ಹೌಸ್ ನೋಡಿಕೊಳ್ಳುವವರು ಸೋಲಾಪುರದ ಕಡೆಯವರು, ಮನೆಮಾತು ಕನ್ನಡ. "ಅಕ್ಕಾರ, ಈ ಮುದುಕನ ಹೊಟ್ಟಿ ಯಾಕೋ ಉಬ್ಬೇತ್ರಿ" ಅಂದರೆ ಆ ಇಲಿಯನ್ನು ಬಿಟ್ಟಂತೆಯೇ. ಗಡ್ಡೆ ಮಾಡಿದ್ದನ್ನು ಮುಪ್ಪಿನ ಖಾತೆಗೆ ಹಾಕಬಾರದಲ್ವಾ?

ತೊಡೆಮೂಳೆಯ ಎರಡೂ ತುದಿ ಕತ್ತರಿಸಿ, ಸಿರಿಂಜಿನಿಂದ ಮಜ್ಜೆ ತೊಳೆದು ತೆಗೆದೆ. ಕೆಂಪು ರಕ್ತಕಣ ಒಡೆಸಿ, ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಫ್ಲೋ ಸೈಟೋಮೀಟರಿಗೆ ಹಾಕಿದೆ. ಬರೀ ಶೇಕಡಾ ನಂಬಬೇಡಿ. ಮುದಿ ಮಜ್ಜೆಯಲ್ಲಿ ಮೈಲಾಯ್ಡ್ ಕೋಶ (ಇನ್ನೊಂದು ಬಗೆಯ ರಕ್ತಕೋಶ) ಜಾಸ್ತಿ, ಅಷ್ಟರಿಂದಲೇ ಬಿ ಪಾಲು ಸಣ್ಣದಾಗಿ ಕಾಣುತ್ತದೆ. ಒಂದು ಮೂಳೆಗೆ ಒಟ್ಟು ಎಷ್ಟು ಕೋಶ ಅಂತ ಎಣಿಸಿ.

ಬೆಳವಣಿಗೆ ಅಳೆಯಲು ಪ್ರೊ-ಬಿ ಕೋಶಗಳಿಗೆ ಸಿಎಫ್‌ಎಸ್‌ಇ ಅನ್ನುವ ಹೊಳೆಯುವ ಬಣ್ಣ ಹಚ್ಚಿ, ಅವು ಬೆಳೆಯಲು ಬೇಕಾದ ಐಎಲ್-7 ಪ್ರೋಟೀನ್ ಕೊಟ್ಟೆ. ಕೋಶ ಎರಡಾಗಿ ಒಡೆದಾಗಲೆಲ್ಲ ಬಣ್ಣ ಅರ್ಧಕ್ಕಿಳಿಯುತ್ತದೆ. ಮುದಿ ಕೋಶಗಳಲ್ಲಿ ಅದು ಇಳಿಯಲು ತಡಮಾಡಿತು. ಮುದಿ ಮಜ್ಜೆಯ ಸ್ಟ್ರೋಮಾ (ಕೋಶಗಳಿಗೆ ಆಸರೆಯಾಗಿ ಸುತ್ತ ಇರುವ ಅಂಗಾಂಶ) ಕೂಡ ಕೋಶಗಳನ್ನು ಅಷ್ಟಾಗಿ ಪೋಷಿಸುವುದಿಲ್ಲ. ಹಾಗಾಗಿ ಅದನ್ನು ಬೇಕಂತಲೇ ಹೊರಗಿಟ್ಟಿದ್ದೆ. ತಡ ಕೋಶದ್ದೇ.

ಕಷ್ಟದ್ದು ಸಾವಿನ ಲೆಕ್ಕ. ಮೂಳೆಯಿಂದ ಆಗಷ್ಟೇ ತೆಗೆದ ಕೋಶಗಳಿಗೆ, ಸಾಯುತ್ತಿರುವ ಕೋಶಕ್ಕೆ ಅಂಟುವ ಅನೆಕ್ಸಿನ್ ಹಾಕಿದರೆ ಎಳೆಯದು, ಮುದಿಯದು ಹೆಚ್ಚುಕಮ್ಮಿ ಒಂದೇ. ಯಾಕಂದರೆ ಸಾಯುವ ಕೋಶವನ್ನು ಮಜ್ಜೆಯ ಕಸ ಗುಡಿಸುವ ಮ್ಯಾಕ್ರೊಫೇಜ್ ಕೋಶಗಳು ಕೂಡಲೇ ನುಂಗಿಬಿಡುತ್ತವೆ. ಎಣಿಸಲು ಉಳಿಯುವುದೇ ಇಲ್ಲ. ಅದಕ್ಕೇ ಪ್ರಿ-ಬಿ ಕೋಶ ಬೇರ್ಪಡಿಸಿ 37 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ಆಮೇಲೆ ನೋಡಿದೆ. ಆಗ ಅಂತರ ಕಂಡಿತು, ಮುದಿಯವು ಹೆಚ್ಚು ಸತ್ತಿದ್ದವು. ಇನ್ನೊಂದು ಮಾತು: ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕು. ಬೇರ್ಪಡಿಸುವಾಗ ಬಳಸಿದ, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ ಉಳಿದಿದ್ದರೆ ಎಲ್ಲವೂ ಸುಮ್ನೆ ಜೀವಂತ ಕಾಣುತ್ತವೆ. ಚೆನ್ನಾಗಿ ತೊಳೆಯಿರಿ.

ಹಾಗಾದರೆ ವಯಸ್ಸಾದವರಿಗೆ ಐಎಲ್-7 ಚುಚ್ಚಿದರೆ ಆಯ್ತಲ್ವಾ ಅಂತ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಾರೆ. ಇಲಿಯ ಬಿ ಕೋಶಕ್ಕೆ ಐಎಲ್-7 ಬೇಕೇ ಬೇಕು. ಆದರೆ ಅದರ ರಿಸೆಪ್ಟರ್ (ಅದನ್ನು ಹಿಡಿಯುವ ಕೊಂಡಿ) ಇಲ್ಲದೆ ಹುಟ್ಟುವ ಮನುಷ್ಯ ಶಿಶುಗಳಲ್ಲಿ ಟಿ ಕೋಶ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಇರುವುದಿಲ್ಲ, ಬಿ ಕೋಶ ಇರುತ್ತದೆ. ಅಂದರೆ ಇಲಿಯ ಲೆಕ್ಕ ಮನುಷ್ಯರಿಗೆ ಹಾಗೇ ಹೊಂದುವುದಿಲ್ಲ.