ತೊಲೆಯ ಮೇಲಿನ ಬಾಚಿಯ ಗುರುತು

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಆರು ಹಲಸಿನ ಕಂಬಗಳಿವೆ. ನನಗೆ ಬುದ್ಧಿ ತಿಳಿದಾಗಿನಿಂದ ಅವು ಹಸಿರು, ಅದಕ್ಕೂ ಮೊದಲು ನೀಲಿ ಇದ್ದವಂತೆ. ಮನೆಯಲ್ಲಿ ಮದುವೆ, ಉಪನಯನ ಬಂದಾಗಲೆಲ್ಲ ಒಂದೊಂದು ಕೋಟು ಆಯಿಲ್ ಪೇಂಟ್ ಏರಿ, ಕಂಬದ ತಲೆಯ ಮೇಲಿನ ಬೋದಿಗೆಯ ತಾವರೆ ಎಸಳುಗಳು ಹಿಟ್ಟಿನ ಉಂಡೆಗಳಂತಾಗಿದ್ದವು. ಒಳಗಿನ ತೊಲೆಗಳಿಗೂ ಅದೇ ಗತಿ. ಹೆಂಚು ಇಳಿಸಿ ಪಕಾಸು, ರೀಪು ಬದಲಾಯಿಸುವ ಕೆಲಸ ಹೇಗೂ ಇತ್ತು. ಜೊತೆಗೆ ಮರವನ್ನೂ ಕಲ್ಲನ್ನೂ ಬಣ್ಣದಿಂದ ಬಿಡಿಸಬೇಕೆಂದು ಹಟ ಹಿಡಿದೆ.

ಮೊದಲು ಕೈಯಲ್ಲೇ ಕೆರೆದೆವು. ಇಬ್ಬರು ಸೇರಿ ಒಂದು ಕಂಬ ಮುಗಿಸಲು ಐದು ದಿನ ಹಿಡಿಯಿತು. ಮಳೆ ಬರುವುದರೊಳಗೆ ಹೆಂಚು ಹೊದಿಸಬೇಕಿತ್ತು. ಹಾಗಾಗಿ ಸ್ಯಾಂಡ್‌ಬ್ಲಾಸ್ಟಿಂಗ್, ಅಂದರೆ ಒತ್ತಡದ ಗಾಳಿಯಲ್ಲಿ ಮರಳು ಚಿಮ್ಮಿಸಿ ಬಣ್ಣ ಕೀಳುವ ಕೆಲಸ, ಮಾಡುವವರನ್ನು ಹುಡುಕಿದೆ.

ಬಂದವರು ಲಾರಿ ಚಾಸಿಗಳ ತುಕ್ಕು ತೆಗೆಯುವ ಕೆಲಸದವರು. ಡೀಸೆಲ್ ಕಂಪ್ರೆಸರ್ ಜೊತೆಗೆ ಜರಡಿ ಹಿಡಿದ ಹೊಳೆ ಮರಳಿನ ಚೀಲಗಳನ್ನೂ ತಂದಿದ್ದರು. ಪೈಪು ಹಿಡಿಯುವ ಹುಡುಗನ ಮೂಗಿಗೆ ಒಂದು ಟವೆಲ್, ಅಷ್ಟೆ. ಅಲ್ಲೇ ಕೆಲಸ ನಿಲ್ಲಿಸಿದೆ. ಹೊಳೆ ಮರಳಿನಲ್ಲಿ ಹೆಚ್ಚಿನ ಪಾಲು ಸಿಲಿಕಾ. ರಭಸಕ್ಕೆ ಒಡೆದು ಪುಡಿಯಾದಾಗ ಅದು ಕಣ್ಣಿಗೂ ಕಾಣದಷ್ಟು ಸಣ್ಣದಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಎರಕದ ವಸ್ತುಗಳನ್ನು ಮರಳು ಹೊಡೆದು ಸ್ವಚ್ಛ ಮಾಡುವುದನ್ನು ತಡೆಯುವ ನಿಯಮ 1949ರಲ್ಲೇ ಬಂತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲೂ ಸಿಲಿಕೋಸಿಸ್ ಇತ್ತು. "ಸಾರ್, ನಾವು ಎಲ್ಲ ಕಡೆ ಇದನ್ನೇ ಹೊಡೆಯುವುದು, ಏನೂ ಆಗುವುದಿಲ್ಲ" ಎಂದರು ಮೇಸ್ತ್ರಿ. ಆ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ನನಗೆ ಮನಸ್ಸು ಒಪ್ಪಲಿಲ್ಲ. ಮರಳಿನ ಬದಲು ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿಯನ್ನೂ, ಹೊರಗಿನ ಶುದ್ಧ ಗಾಳಿಯನ್ನು ಒಳಕ್ಕೆ ಬಿಡುವ ಹೆಲ್ಮೆಟ್ಟನ್ನೂ ತರಿಸಿದೆ. ಖರ್ಚು ಹೆಚ್ಚಾಯಿತು, ನಾಲ್ಕು ದಿನ ತಡವೂ ಆಯಿತು. ಆ ವಿಷಯದಲ್ಲಿ ನನಗೆ ಇಂದಿಗೂ ಎರಡನೆಯ ಯೋಚನೆ ಇಲ್ಲ.

ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆಂಬುದೂ ತಲೆಯಲ್ಲಿತ್ತು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಹೀಗಾಗಿ ಮಕ್ಕಳನ್ನು ಅಜ್ಜಿಮನೆಗೆ ಕಳುಹಿಸಿ, ಬಾವಿಯನ್ನೂ ಅಟ್ಟವನ್ನೂ ಅಡಿಕೆ ಒಣಗಿಸುವ ಟಾರ್ಪಾಲಿನಿಂದ ಮುಚ್ಚಿದೆವು. ಉದುರಿದ ಪುಡಿಯನ್ನೆಲ್ಲ ಚೀಲಕ್ಕೆ ತುಂಬಿಸಿದೆ. ತೋಟಕ್ಕೆ ಒಂದು ಹಿಡಿಯನ್ನೂ ಬಿಡಲಿಲ್ಲ.

ಪ್ರಯೋಗ ಮಾಡಿದ್ದು ಕೊಟ್ಟಿಗೆಯ ಹಳೆ ತೊಲೆಯ ಮೇಲೆ. ಕಬ್ಬಿಣಕ್ಕೆ ಹೊಡೆಯುವ 100 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡದಲ್ಲಿ ಬಣ್ಣ ಹಾರಿತು, ಅದರ ಬೆನ್ನಿಗೇ ಮರವೂ ಹಾರಿತು. ಮರದ ಮೆದು ಭಾಗ ಸವೆದು, ಗಟ್ಟಿ ಗೆರೆಗಳು ಮುದುಕನ ಕೈಯ ನರಗಳಂತೆ ಎದ್ದು ನಿಂತವು. ಒತ್ತಡವನ್ನು 40ಕ್ಕೆ ಇಳಿಸಿ, ಸಣ್ಣ ಕಾಳಿನ ಗಾರ್ನೆಟ್ ಹಾಕಿ, ನಳಿಕೆಯನ್ನು ಎರಡು ಅಡಿ ದೂರದಲ್ಲಿ ಓರೆಯಾಗಿ ಹಿಡಿದಾಗ ಬಣ್ಣ ಮಾತ್ರ ಪದರ ಪದರವಾಗಿ ಬಿಟ್ಟಿತು: ಹಸಿರು, ನೀಲಿ, ಕೊನೆಗೆ ಕೆಮ್ಮಣ್ಣಿನ ಲೇಪ.

ನಡುಮನೆಯ ದೊಡ್ಡ ತೊಲೆಯ ಕೆಲಸ ಸಂಜೆ ಮುಗಿಯಿತು. ಧೂಳು ಕುಳಿತ ಮೇಲೆ ಏಣಿ ಹತ್ತಿ, ಟಾರ್ಚನ್ನು ಮರಕ್ಕೆ ಒತ್ತಿ ಅಡ್ಡಲಾಗಿ ಬೆಳಕು ಬಿಟ್ಟೆ. ಉದ್ದಕ್ಕೂ ಎರಡು ಬೆರಳಗಲದ ಮೆಲುಗುಳಿಗಳು, ಒಂದರ ಪಕ್ಕ ಒಂದು. ಬಡಗಿ ಮರ ಕೆತ್ತಿ ಸಮ ಮಾಡುವ ಬಾಚಿಯ ಏಟುಗಳು! ಒಂದು ಕಡೆ ಗಂಟು ಅಡ್ಡ ಬಂದಿದೆ. ಅಲ್ಲಿ ಏಟುಗಳು ಚಿಕ್ಕದಾಗಿವೆ, ದಿಕ್ಕು ಬದಲಾಗಿದೆ, ಗಂಟು ದಾಟಿದ ಮೇಲೆ ಮತ್ತೆ ನೀಳವಾಗಿವೆ. ಕಂಬದ ಮೇಲೆ ತೊಲೆ ಕೂರುವಲ್ಲಿ ಉಳಿಯಿಂದ ಕೊರೆದ ಸಣ್ಣ '೪' ಇತ್ತು. ಯಾವ ತೊಲೆ ಯಾವ ಕಂಬಕ್ಕೆ ಎಂದು ಆ ಬಡಗಿ ಹಾಕಿಕೊಂಡ ಗುರುತು. ನಳಿಕೆ ಅಲ್ಲಿ ಇನ್ನೊಂದು ನಾಲ್ಕು ಸೆಕೆಂಡು ನಿಂತಿದ್ದರೆ ಅದೆಲ್ಲ ಮಾಯವಾಗುತ್ತಿತ್ತು. ಮರುದಿನದಿಂದ ಹುಡುಗನ ಪಕ್ಕದಲ್ಲೇ ನಿಂತು, ಕೊಂಚ ಬಣ್ಣ ಉಳಿದರೂ ಪರವಾಗಿಲ್ಲ, ಮುಂದೆ ಸಾಗು ಎಂದು ಸನ್ನೆ ಮಾಡುತ್ತಲೇ ಇದ್ದೆ.

ಬೋದಿಗೆಗಳಿಗೆ ಯಂತ್ರ ಮುಟ್ಟಿಸಲಿಲ್ಲ. ಮರ ಕೆತ್ತನೆಯ ಕಸುಬಿನ ಸಾಗರದ ಗುಡಿಗಾರರೊಬ್ಬರು ಬಂದು ನೋಡಿ, "ಕೆತ್ತನೆಯ ಚೂಪು ಹೋದರೆ ಮತ್ತೆ ಕೆತ್ತಬೇಕಾಗುತ್ತದೆ, ಆಗ ಅದು ಹಳೆಯದಾಗಿ ಉಳಿಯುವುದಿಲ್ಲ" ಎಂದರು. ಬಣ್ಣ ಕರಗಿಸುವ ದ್ರಾವಣ, ಬಿದಿರಿನ ಕಡ್ಡಿ, ಹಲ್ಲುಜ್ಜುವ ಬ್ರಷ್ ಹಿಡಿದು ಆ ಕೆಲಸಕ್ಕೆ ಮೂರು ವಾರ ಕೂತೆ.

ಬ್ಲಾಸ್ಟ್ ಆದ ಮರ ಕೈಗೆ ಜುಂಜು ಜುಂಜಾಗಿ ಸಿಗುತ್ತದೆ. ನೈಲಾನ್ ಬ್ರಷ್‌ನಿಂದ ಉಜ್ಜಿ, ಉಪ್ಪುಕಾಗದವನ್ನು ಹಗುರವಾಗಿ ಆಡಿಸಿ, ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಬಾರಿ ಹಚ್ಚಿದೆ. ಅರಿಶಿನ ಮೆತ್ತಿದಂತೆ ಹಳದಿಯಾದ ಕಂಬಗಳನ್ನು ಕಂಡು ಅಮ್ಮ ಕಂಗಾಲಾದಳು. ಹಲಸು ಗಾಳಿ ಬೆಳಕಿಗೆ ತಾನೇ ಕಂದುಬಣ್ಣಕ್ಕೆ ತಿರುಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಜೇನಿನ ಬಣ್ಣಕ್ಕೆ ಬಂದವು. ಅಡುಗೆಮನೆಯ ಜಂತೆಗಳ ಹೊಗೆ ಮಸಿಯನ್ನು ಮಾತ್ರ ಹಾಗೆಯೇ ಬಿಟ್ಟೆ. ಇಡೀ ಮನೆಯಲ್ಲಿ ಹುಳು ಕೊರೆಯದ ಮರವೆಂದರೆ ಅದೊಂದೇ.

ಕಲ್ಲಿನ ಕಥೆ ಬೇರೆ. ಮೆಟ್ಟಿಲು ಮತ್ತು ಕಂಬದ ಬುಡದ ಗ್ರಾನೈಟ್ 70 ಪಿಎಸ್‌ಐಗೂ ಜಗ್ಗಲಿಲ್ಲ, ಅರ್ಧ ದಿನದಲ್ಲಿ ಸುಣ್ಣ, ಬಣ್ಣ ಕಳೆದುಕೊಂಡು ಉಳಿಯ ಚುಕ್ಕೆಗಳೊಡನೆ ಎದ್ದು ಕಂಡಿತು. ಆ ಉತ್ಸಾಹದಲ್ಲಿ ಪಶ್ಚಿಮದ ಜಂಬಿಟ್ಟಿಗೆ ಗೋಡೆಗೂ ಹೊಡೆಸಿಬಿಟ್ಟೆ. ಅದು ನನ್ನ ದೊಡ್ಡ ತಪ್ಪು. ಜಂಬಿಟ್ಟಿಗೆ ನೆಲದಿಂದ ಕಡಿದಾಗ ಮೆದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದ ಮೇಲ್ಮೈಯನ್ನೇ ನಾನು ಕೆರೆಸಿ ತೆಗೆದಿದ್ದೆ. ಕಲ್ಲಿನ ತೂತುಗಳಲ್ಲಿದ್ದ ಜೇಡಿ ಬಾಯಿ ಬಿಟ್ಟಿತು. ಜುಲೈ ಹೊತ್ತಿಗೆ ಒಳಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ತೇವ, ಹೊರಗೆ ಗೋಡೆಯ ಬುಡದಲ್ಲಿ ಕೆಂಪು ಕೆಸರು.

ಸಿಮೆಂಟ್ ಬಳಿದರೆ ಮುಗಿಯಿತು ಎಂದವರೇ ಹೆಚ್ಚು. ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ಕಲ್ಲು ಒಳಗೇ ಕರಗುತ್ತದೆಂದು ನಾನು ಒಪ್ಪಲಿಲ್ಲ. ಆ ಮಳೆಗಾಲ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಗೋಡೆಯನ್ನು ಕಾಪಾಡಿದೆವು. ಮಳೆ ನಿಂತ ಮೇಲೆ ಹದಿನೈದು ದಿನ ನೆನೆಹಾಕಿದ ಸುಣ್ಣದಲ್ಲಿ ಗಾರೆ ಕಲೆಸಿ, ಎರಡು ಪದರ ತೆಳುವಾಗಿ ಹಚ್ಚಿ, ಗೋಣಿಚೀಲ ಹೊದಿಸಿ ದಿನಕ್ಕೆ ಎರಡು ಹೊತ್ತು ನೀರು ಚಿಮುಕಿಸಿದೆವು. ಮುಂದಿನ ಜುಲೈನಲ್ಲಿ ಒಳಗೋಡೆಗೆ ಅಂಗೈ ಒತ್ತಿ ನೋಡಿದೆ. ತಣ್ಣಗಿತ್ತು, ಅಂಗೈಗೆ ಪಸೆ ಹತ್ತಲಿಲ್ಲ.